ಬಂದರೆ, ಬಂದಿದ್ದರೆ, ಬರಬಾರದಿತ್ತೆ: ಇಂಗ್ಲಿಷ್‌ನ 'ಇಫ್' ಮತ್ತು 'ವಿಶ್' ಕಲಿಯುವ ದಾರಿ

'ನನ್ನ ಹತ್ರ ದುಡ್ಡಿದ್ದಿದ್ದರೆ ಕೊಡ್ತಿದ್ದೆ.' ಈ ಮಾತನ್ನು ಕನ್ನಡದಲ್ಲಿ ಎರಡು ಸಂದರ್ಭದಲ್ಲಿ ಆಡುತ್ತೇವೆ. ಗೆಳೆಯ ಈಗ ಎದುರಿಗೇ ನಿಂತು ಸಾಲ ಕೇಳುತ್ತಿದ್ದಾನೆ, ಜೇಬು ಖಾಲಿ. ಆಗ ಹೇಳುವುದೂ ಇದನ್ನೇ. ಹೋದ ವರ್ಷ ಕೇಳಿದ್ದ, ಆಗ ಕೈಯಲ್ಲಿ ಇರಲಿಲ್ಲ. ಅದಕ್ಕೂ ಇದೇ ಮಾತು. ಇಂಗ್ಲಿಷ್‌ನಲ್ಲಿ ಇವೆರಡೂ ಬೇರೆ ಬೇರೆ ವಾಕ್ಯಗಳು. ಈಗಿನದಕ್ಕೆ 'ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್ ಇಟ್ ಟು ಯು'. ಕಳೆದುಹೋದದ್ದಕ್ಕೆ 'ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್ ಇಟ್ ಟು ಯು'. ಇಫ್ ವಾಕ್ಯಗಳಲ್ಲಿ ಕನ್ನಡಿಗರು ಹೆಚ್ಚು ಎಡವುವುದು ಇಲ್ಲೇ. ಕನ್ನಡ ಕೇಳದ ಒಂದು ಪ್ರಶ್ನೆಯನ್ನು ಇಂಗ್ಲಿಷ್ ಕೇಳುತ್ತದೆ: ಈಗಿನ ಮಾತೋ, ಆಗಿನ ಮಾತೋ?

ಶಾಲೆಯಲ್ಲಿ ಇವನ್ನು ಜೀರೋ, ಫಸ್ಟ್, ಸೆಕೆಂಡ್, ಥರ್ಡ್ ಕಂಡಿಷನಲ್ ಎಂದು ನಂಬರು ಹಾಕಿ ಕಲಿಸುತ್ತಾರೆ. ನಂಬರು ಪರೀಕ್ಷೆಗೆ ಸರಿ, ಮಾತಿಗೆ ಸಾಲದು. ಮಾತಾಡುವ ಹೊತ್ತಿನಲ್ಲಿ ಇದು ಎಷ್ಟನೆಯದು ಎಂದು ಎಣಿಸುತ್ತಾ ನಿಲ್ಲಲು ಆಗುವುದಿಲ್ಲ. ನಮ್ಮ ತಲೆಯಲ್ಲಿ ಮೊದಲು ಹುಟ್ಟುವುದು ಕನ್ನಡ ವಾಕ್ಯ. ಅದರ ಬಾಲ ಹಿಡಿದು ಹೊರಟರೆ ಸರಿಯಾದ ಇಂಗ್ಲಿಷ್ ರೂಪ ಬೇಗ ಸಿಗುತ್ತದೆ. ಈ ಲೇಖನ ಹೇಳಿಕೊಡುವುದು ಆ ದಾರಿಯನ್ನು. ಉದಾಹರಣೆಗಳೆಲ್ಲ ಕನ್ನಡ ಲಿಪಿಯಲ್ಲಿವೆ. ಮೊದಲು ಜೋರಾಗಿ ಓದಿ ನಾಲಿಗೆಗೆ ಹಿಡಿಸಿಕೊಳ್ಳಿ, ಆಮೇಲೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ.

ಹೆಜ್ಜೆ 1: ಕನ್ನಡ ವಾಕ್ಯದ ಬಾಲ ನೋಡಿ

'ಬಂದರೆ' ಎಂಬ ಭಾಗವನ್ನು ಸದ್ಯಕ್ಕೆ ಬಿಡಿ. ವಾಕ್ಯದ ಕೊನೆಯ ಕ್ರಿಯಾಪದ ನೋಡಿ. ಅದು ಕೊಡ್ತೀನಿ, ಬರ್ತಾನೆ, ಆಗುತ್ತೆ ಅಥವಾ ಕೊಡು, ಹೇಳಿ ಎಂದಿದ್ದರೆ ಅದು ಆಗಬಹುದಾದ ಮಾತು. ಕೊಡ್ತಿದ್ದೆ, ಬರ್ತಿದ್ದ, ಆಗ್ತಿತ್ತು, ಮಾಡಬಹುದಿತ್ತು ಎಂದಿದ್ದರೆ ನಿಜದಲ್ಲಿ ಇಲ್ಲದ ಮಾತು.

'ಅವನು ಬಂದರೆ ಹೇಳ್ತೀನಿ.' ಬರಬಹುದು, ಬರದೆಯೂ ಇರಬಹುದು: 'ಇಫ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್.'

'ಕೈ ಕೆಸರಾದರೆ ಬಾಯಿ ಮೊಸರು' ಎಂಬಂಥ ಯಾವಾಗಲೂ ಸಲ್ಲುವ ಮಾತಿಗೆ ಎರಡೂ ಕಡೆ ಸಾದಾ ವರ್ತಮಾನ ಸಾಕು. 'ಇಫ್ ಯು ಹೀಟ್ ಐಸ್, ಇಟ್ ಮೆಲ್ಟ್ಸ್.' ಇಷ್ಟೇ. ಜೀರೋ ಕಂಡಿಷನಲ್ ಎನ್ನುವುದು ಇದನ್ನೇ.

ಒಂದು ಎಚ್ಚರಿಕೆ. ಕನ್ನಡದಲ್ಲಿ ಆಗದ ಮಾತನ್ನೂ ಕೆಲವೊಮ್ಮೆ ಸಾದಾ ಬಾಲದಲ್ಲೇ ಹೇಳುತ್ತೇವೆ. 'ಲಾಟರಿ ಹೊಡೆದರೆ ಮನೆ ಕಟ್ಟಿಸ್ತೀನಿ' ಎನ್ನುವವನ ಕೈಯಲ್ಲಿ ಟಿಕೆಟ್ಟೇ ಇರುವುದಿಲ್ಲ. 'ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ' ಎನ್ನುವಾಗಲೂ ಇರುವುದು ಅದೇ 'ಬಂದರೆ'. ಇಂಥ ಕಡೆ ಬಾಲವನ್ನು ನಂಬದೆ ಅರ್ಥ ನೋಡಿ. ಟಿಕೆಟ್ ಕೊಂಡು ಫಲಿತಾಂಶಕ್ಕೆ ಕಾಯುತ್ತಿರುವವನು 'ಇಫ್ ಐ ವಿನ್, ಐ ವಿಲ್ ಬಿಲ್ಡ್ ಎ ಹೌಸ್' ಎನ್ನಬಹುದು. ಸುಮ್ಮನೆ ಕನಸು ಕಾಣುವವನದು 'ಇಫ್ ಐ ವನ್ ದ ಲಾಟರಿ, ಐ ವುಡ್ ಬಿಲ್ಡ್ ಎ ಹೌಸ್'. ಎರಡೂ ಸರಿ, ಹೇಳುವವನಿಗೆ ಇರುವ ನಂಬಿಕೆ ಬೇರೆ.

ಹೆಜ್ಜೆ 2: ಆಗದ ಮಾತಾದರೆ, ಈಗಲೋ ಆಗಲೋ?

ಬಾಲ 'ಕೊಡ್ತಿದ್ದೆ' ಎಂದಾಗ ಮಾತ್ರ ಈ ಪ್ರಶ್ನೆ. ಕನ್ನಡ ವಾಕ್ಯದ ಮುಂದೆ 'ಈಗ' ಸೇರಿಸಿ ನೋಡಿ, ಆಮೇಲೆ 'ಆವತ್ತು' ಸೇರಿಸಿ ನೋಡಿ. ನಿಮ್ಮ ಮನಸ್ಸಿನಲ್ಲಿದ್ದ ಅರ್ಥಕ್ಕೆ ಯಾವುದು ಹೊಂದುತ್ತದೋ ಅದೇ ಉತ್ತರ. ಈಗ ಎಂದಾದರೆ ಇಂಗ್ಲಿಷ್ ಕ್ರಿಯಾಪದ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯುತ್ತದೆ (ಲೀವ್ ಎಂಬುದು ಲೆಫ್ಟ್), ಆವತ್ತು ಎಂದಾದರೆ ಎರಡು ಮೆಟ್ಟಿಲು (ಹ್ಯಾಡ್ ಲೆಫ್ಟ್).

ಭೂತಕಾಲದ ರೂಪ ಭೂತಕಾಲದ ಅರ್ಥವನ್ನೇ ಕೊಡಬೇಕಿಲ್ಲ ಎಂಬುದು ಕನ್ನಡಿಗರಿಗೆ ಹೊಸದಲ್ಲ. 'ನಾಳೆ ಬಂದರೆ' ಎನ್ನುವಾಗ ಒಳಗಿರುವುದು 'ಬಂದ' ಎಂಬ ಭೂತರೂಪವೇ, ಮಾತು ನಾಳೆಯದು. ಇಂಗ್ಲಿಷ್ ಇದೇ ಉಪಾಯವನ್ನು ಆಗದ ಮಾತಿಗೆ ಮೀಸಲಿಟ್ಟಿದೆ. ಅಲ್ಲಿ ಭೂತರೂಪ ಹೇಳುವುದು 'ಇದು ನಿಜದಿಂದ ದೂರ' ಎಂದು. ಈ ಒಂದು ಸಂಗತಿ ಮನದಟ್ಟಾದರೆ ಮುಂದಿನದೆಲ್ಲ ಸಲೀಸು. ಆದರೆ ಇದೇ ಹೋಲಿಕೆ ಒಂದು ತಪ್ಪಿಗೂ ಎಳೆಯುತ್ತದೆ. 'ಬಂದರೆ' ಎಂಬುದರ ಒಳಗೆ 'ಬಂದ' ಕೇಳಿಸುವುದರಿಂದ 'ಇಫ್ ಹಿ ಕೇಮ್ ಟುಮಾರೋ, ಐ ವಿಲ್ ಟೆಲ್' ಎಂದುಬಿಡುತ್ತೇವೆ. ಕೇಮ್ ಬಂದರೆ ಜೊತೆಗೆ ವುಡ್, ಕಮ್ಸ್ ಬಂದರೆ ವಿಲ್. ಜೋಡಿ ಒಡೆಯಬಾರದು.

ಹೆಜ್ಜೆ 3: ಒಂದೇ ಬಸ್ಸಿನ ಮೂರು ವಾಕ್ಯ

ಹತ್ತಾರು ಉದಾಹರಣೆ ಬಾಯಿಪಾಠ ಮಾಡುವುದಕ್ಕಿಂತ ಒಂದೇ ಸಂಗತಿಯನ್ನು ಮೂರು ರೂಪದಲ್ಲಿ ಹೇಳಿ ಅಭ್ಯಾಸ ಮಾಡುವುದು ಒಳ್ಳೆಯದು.

ಈಗ ಹೊರಟರೆ ಬಸ್ ಸಿಗುತ್ತೆ: 'ಇಫ್ ಐ ಲೀವ್ ನೌ, ಐ ವಿಲ್ ಕ್ಯಾಚ್ ದ ಬಸ್.'

ದಿನಾ ಸ್ವಲ್ಪ ಬೇಗ ಹೊರಡೋ ಹಾಗಿದ್ದಿದ್ದರೆ ಬಸ್ ಸಿಗ್ತಿತ್ತು, ಆದರೆ ನಾನು ಹೊರಡುವುದಿಲ್ಲ: 'ಇಫ್ ಐ ಲೆಫ್ಟ್ ಅರ್ಲಿಯರ್, ಐ ವುಡ್ ಕ್ಯಾಚ್ ದ ಬಸ್.'

ಬೆಳಿಗ್ಗೆ ಐದು ನಿಮಿಷ ಮೊದಲು ಹೊರಟಿದ್ದರೆ ಬಸ್ ಸಿಗ್ತಿತ್ತು: 'ಇಫ್ ಐ ಹ್ಯಾಡ್ ಲೆಫ್ಟ್ ಫೈವ್ ಮಿನಿಟ್ಸ್ ಅರ್ಲಿಯರ್, ಐ ವುಡ್ ಹ್ಯಾವ್ ಕಾಟ್ ದ ಬಸ್.'

ಕೊನೆಯ ವಾಕ್ಯವನ್ನು ಹತ್ತಿರದಿಂದ ನೋಡಿ. ಕನ್ನಡದ 'ಹೊರಟಿದ್ದರೆ' ಮತ್ತು ಇಂಗ್ಲಿಷ್‌ನ 'ಹ್ಯಾಡ್ ಲೆಫ್ಟ್' ಎರಡರ ಅಚ್ಚೂ ಒಂದೇ. 'ಇದ್ದ' ಇರುವ ಕಡೆ 'ಹ್ಯಾಡ್' ಬಂದಿದೆ. ಹಾಗಾಗಿ ಇಫ್ ಇರುವ ಅರ್ಧ ನಮಗೆ ಕಷ್ಟವಲ್ಲ. ಕಷ್ಟ ಇರುವುದು ಇನ್ನರ್ಧದಲ್ಲಿ. ಎರಡನೇ ವಾಕ್ಯದಲ್ಲೂ ಮೂರನೆಯದರಲ್ಲೂ ಕನ್ನಡ 'ಸಿಗ್ತಿತ್ತು' ಎಂದೇ ಹೇಳಿತು. ಅದನ್ನು ನಂಬಿ 'ಇಫ್ ಐ ಹ್ಯಾಡ್ ಲೆಫ್ಟ್ ಅರ್ಲಿಯರ್, ಐ ವುಡ್ ಕ್ಯಾಚ್ ದ ಬಸ್' ಎನ್ನುವುದು ಕನ್ನಡಿಗರ ಬಾಯಲ್ಲಿ ತುಂಬ ಕೇಳಿಬರುವ ತಪ್ಪು. ಬಸ್ ಹೋಗಿಯಾಗಿದೆ, ಆದ್ದರಿಂದ 'ಹ್ಯಾವ್ ಕಾಟ್' ಬೇಕೇ ಬೇಕು.

ಇನ್ನೊಂದನ್ನೂ ಗಮನಿಸಿ. ಕನ್ನಡದಲ್ಲಿ 'ನನಗೆ ಬಸ್ ಸಿಗ್ತಿತ್ತು'. ಇಂಗ್ಲಿಷ್‌ನಲ್ಲಿ ಕರ್ತೃ 'ಐ'. 'ನನಗೆ ಗೊತ್ತಿದ್ದಿದ್ದರೆ' ಎಂಬುದು 'ಇಫ್ ಐ ಹ್ಯಾಡ್ ನೋನ್' ಆಗುತ್ತದೆ, 'ನನ್ನ ಹತ್ರ ಇದ್ದಿದ್ದರೆ' ಎಂಬುದು 'ಇಫ್ ಐ ಹ್ಯಾಡ್' ಆಗುತ್ತದೆ. ನನಗೆ, ನನ್ನ ಹತ್ರ ಎಂದು ಶುರುವಾಗುವ ಕನ್ನಡ ವಾಕ್ಯಗಳನ್ನು ಪ್ರತ್ಯೇಕ ಪಟ್ಟಿ ಮಾಡಿಕೊಳ್ಳಿ.

'ಹ್ಯಾಡ್ ಹ್ಯಾಡ್' ಎಂದರೆ ಹಲವರಿಗೆ ಅನುಮಾನ, ಎರಡು ಸಲ ಬರೆದೆನೇನೋ ಎಂದು ಒಂದನ್ನು ಹೊಡೆದುಹಾಕುತ್ತಾರೆ. ಮೊದಲ ಹ್ಯಾಡ್ ಸಹಾಯಕ ಕ್ರಿಯಾಪದ, ಎರಡನೆಯದು 'ಇರು' ಎಂಬರ್ಥದ ಹ್ಯಾವ್‌ನ ಮೂರನೇ ರೂಪ (ಗೋ, ವೆಂಟ್, ಗಾನ್ ಇದ್ದ ಹಾಗೆ ಹ್ಯಾವ್, ಹ್ಯಾಡ್, ಹ್ಯಾಡ್). ಎರಡೂ ಇರಲಿ.

ಮೂರನೇ ರೂಪ ಗಟ್ಟಿಯಿಲ್ಲದಿದ್ದರೆ ಈ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಎಲ್ಲ ಕ್ರಿಯಾಪದವೂ ಬೇಡ, ಈ 12 ಮೊದಲು: ಬೀನ್, ಹ್ಯಾಡ್, ಡನ್, ಗಾನ್, ಕಮ್, ಸೀನ್, ನೋನ್, ಟೇಕನ್, ಗಿವನ್, ಟೋಲ್ಡ್, ಬಾಟ್, ಲೆಫ್ಟ್. 'ಹ್ಯಾಡ್ ವೆಂಟ್', 'ಹ್ಯಾಡ್ ಕೇಮ್' ಎಂದು ಬಾಯಿಗೆ ಬರುತ್ತಿದ್ದರೆ ಒಂದು ವಾರ ಈ ಪಟ್ಟಿಯ ಮೇಲೆಯೇ ಕೂರಿ. ವುಡ್ ಆದ ಮೇಲೆ ಕರ್ತೃ ಹಿ, ಶಿ ಯಾವುದೇ ಇರಲಿ, ಬರುವುದು ಹ್ಯಾವ್ ಮಾತ್ರ. 'ಶಿ ವುಡ್ ಹ್ಯಾಸ್' ಎಂಬ ರೂಪವೇ ಇಲ್ಲ.

ಈಗಿನ ಆಗದ ಮಾತಿನಲ್ಲಿ 'ಬಿ' ಕ್ರಿಯಾಪದ ಎಲ್ಲ ಕರ್ತೃಗಳಿಗೂ 'ವರ್' ಆಗುತ್ತದೆ. 'ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಒಪ್ತಿರಲಿಲ್ಲ' ಎಂಬುದಕ್ಕೆ 'ಇಫ್ ಐ ವರ್ ಯು, ಐ ವುಡ್ ನಾಟ್ ಅಗ್ರೀ'. ಆಡುಮಾತಿನಲ್ಲಿ 'ಇಫ್ ಐ ವಾಸ್' ಕೇಳಿಸುತ್ತದೆ. ಪರೀಕ್ಷೆಯಲ್ಲಿ, ಪತ್ರದಲ್ಲಿ ವರ್ ಬರೆಯಿರಿ.

ಕಾರಣ ಆವತ್ತಿನದು, ಫಲ ಈಗಿನದು ಎಂಬ ಬೆರಕೆಯೂ ಉಂಟು. 'ಆ ಕೋರ್ಸ್ ಮುಗಿಸಿದ್ದಿದ್ದರೆ ಈಗ ಕೆಲಸದಲ್ಲಿ ಇರ್ತಿದ್ದೆ': 'ಇಫ್ ಐ ಹ್ಯಾಡ್ ಫಿನಿಶ್ಡ್ ದಟ್ ಕೋರ್ಸ್, ಐ ವುಡ್ ಬಿ ವರ್ಕಿಂಗ್ ನೌ.' ಹೆಜ್ಜೆ 2ರ ಪ್ರಶ್ನೆಯನ್ನು ಎರಡೂ ಅರ್ಧಕ್ಕೆ ಬೇರೆ ಬೇರೆ ಕೇಳಿದರೆ ಇದು ತಾನಾಗಿ ಬರುತ್ತದೆ.

ಹೆಜ್ಜೆ 4: ಇಫ್ ಪಕ್ಕದಲ್ಲಿ ವಿಲ್, ವುಡ್ ಬೇಡ

'ಇಫ್ ಇಟ್ ವಿಲ್ ರೇನ್', 'ಇಫ್ ಯು ವುಡ್ ಹ್ಯಾವ್ ಟೋಲ್ಡ್ ಮಿ' ಎರಡೂ ತಪ್ಪು. 'ಇಫ್ ಇಟ್ ರೇನ್ಸ್', 'ಇಫ್ ಯು ಹ್ಯಾಡ್ ಟೋಲ್ಡ್ ಮಿ' ಸರಿ. ವಿಲ್ ಮತ್ತು ವುಡ್ ಇರುವುದು ಫಲ ಹೇಳುವ ಅರ್ಧದಲ್ಲಿ. ಎರಡನೆಯ ತಪ್ಪನ್ನು ಇಂಗ್ಲಿಷ್ ಮಾತೃಭಾಷೆಯವರ ಬಾಯಲ್ಲೂ ಕೇಳುತ್ತೀರಿ, ಬರವಣಿಗೆಯಲ್ಲಿ ಮಾತ್ರ ಅನುಸರಿಸಬೇಡಿ. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪತ್ರಿಕೆಯ ಇಫ್ ಕ್ಲಾಜ್ (ಇಫ್ ಉಪವಾಕ್ಯ) ಪ್ರಶ್ನೆಗೆ ಉತ್ತರ ಆರಿಸುವಾಗಲೂ ಮೊದಲು ಇದನ್ನೇ ನೋಡಿ. ಇಫ್ ಇರುವ ಅರ್ಧದ ಕ್ರಿಯಾಪದ ಗುರುತಿಸಿ: ಸಾದಾ ವರ್ತಮಾನವೋ, ಭೂತವೋ, ಹ್ಯಾಡ್ ಜೊತೆಗಿನ ಮೂರನೇ ರೂಪವೋ. ಅದಕ್ಕೆ ಜೋಡಿಯಾಗುವುದು ಕ್ರಮವಾಗಿ ವಿಲ್, ವುಡ್, ವುಡ್ ಹ್ಯಾವ್.

'ನೀವು ಬರುವುದಾದರೆ' ಎಂದಾಗ ವಿಲ್ ಹಾಕಬೇಕೆನಿಸುತ್ತದೆ. ಅಲ್ಲಿಗೆ 'ಇಫ್ ಯು ಆರ್ ಕಮಿಂಗ್' ಹೊಂದುತ್ತದೆ.

'-ಬಹುದು' ಇದ್ದರೆ ವಿಲ್ ಬದಲು ಕ್ಯಾನ್ ಅಥವಾ ಮೈಟ್, '-ಬಹುದಿತ್ತು' ಇದ್ದರೆ ಈಗಿನದಕ್ಕೆ ಕುಡ್, ಆಗಿನದಕ್ಕೆ ಕುಡ್ ಹ್ಯಾವ್. ಕನ್ನಡ ವ್ಯಾಕರಣದ ಸಂಭಾವನಾರ್ಥಕ ನೆನಪಿದೆಯೇ, ಬಂದಾನು, ಆದೀತು? ಅದಕ್ಕೆ ಮೈಟ್ ಅಳತೆ ಹೊಲಿಸಿದ ಹಾಗಿದೆ. 'ಕೇಳಿದರೆ ಕೊಟ್ಟಾನು': 'ಇಫ್ ಯು ಆಸ್ಕ್, ಹಿ ಮೈಟ್ ಗಿವ್ ಇಟ್.'

ಬರೆಯುವಾಗ ಇಫ್ ಅರ್ಧ ಮೊದಲು ಬಂದರೆ ಮಧ್ಯೆ ಅಲ್ಪವಿರಾಮ ಬೇಕು, ಕೊನೆಗೆ ಬಂದರೆ ಬೇಡ.

ಹೆಜ್ಜೆ 5: ಎಲ್ಲ '-ಅರೆ'ಯೂ ಇಫ್ ಅಲ್ಲ

'ಸಂಜೆಯಾದರೆ ಸೊಳ್ಳೆ ಶುರು.' ಸಂಜೆ ಆಗಿಯೇ ಆಗುತ್ತದೆ, ಅನುಮಾನವಿಲ್ಲ. ಇಂಥ ಕಡೆ 'ವೆನ್'. 'ನೀವು ಮನೆಗೆ ಹೋದರೆ ಫೋನ್ ಮಾಡಿ' ಎಂದು ಮನೆಗೆ ಹೊರಟು ನಿಂತವರಿಗೆ ಹೇಳುವುದೂ ಹೀಗೆಯೇ: 'ಕಾಲ್ ಮಿ ವೆನ್ ಯು ಗೆಟ್ ಹೋಮ್'. ಇಲ್ಲಿ ಇಫ್ ಹಾಕಿದರೆ ಅವರು ಮನೆ ಮುಟ್ಟುವುದೇ ಅನುಮಾನ ಎಂಬ ಅರ್ಥ ಬರುತ್ತದೆ.

'ಮಳೆ ಬಂದರೆ ಇರಲಿ ಅಂತ ಕೊಡೆ ತಗೊಂಡೆ' ಎಂಬ ಮುನ್ನೆಚ್ಚರಿಕೆಗೆ 'ಇನ್ ಕೇಸ್': 'ಐ ಟುಕ್ ಆನ್ ಅಂಬ್ರೆಲಾ ಇನ್ ಕೇಸ್ ಇಟ್ ರೇನ್ಡ್'. 'ಇನ್ ಕೇಸ್ ಇಫ್', 'ಸಪೋಸ್ ಇಫ್' ಎಂದು ಎರಡನ್ನೂ ಒಟ್ಟಿಗೆ ಕಟ್ಟುವ ರೂಢಿ ನಮ್ಮ ಆಫೀಸುಗಳಲ್ಲಿ ಬೇರೂರಿದೆ. ಒಂದು ಸಾಕು.

'ಬಂದರೂ' ಎಂಬುದಕ್ಕೆ 'ಈವನ್ ಇಫ್'. ನಿಜವಾಗಿ ಬಂದಾಗಿದ್ದರೆ 'ಆಲ್‌ದೋ'.

'ಅನ್‌ಲೆಸ್' ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಕನ್ನಡದಲ್ಲಿ 'ಓದದ ಹೊರತು ಪಾಸಾಗಲ್ಲ' ಎನ್ನುತ್ತೇವೆ. 'ಹೊರತು' ಇದ್ದರೂ ಅದರ ಹಿಂದೆ 'ಓದದ' ಎಂಬ ನಿಷೇಧ ಇದ್ದೇ ಇದೆ. ಆ ಅಚ್ಚಿನಲ್ಲೇ 'ಅನ್‌ಲೆಸ್ ಯು ಡೋಂಟ್ ಸ್ಟಡಿ' ಎಂದರೆ ಅರ್ಥ ತಲೆಕೆಳಗಾಗುತ್ತದೆ, ಓದಿದರೆ ಫೇಲ್ ಎಂದಂತಾಗುತ್ತದೆ. ಅನ್‌ಲೆಸ್ ಒಳಗೇ 'ಇಲ್ಲ' ಅಡಗಿದೆ: 'ಅನ್‌ಲೆಸ್ ಯು ಸ್ಟಡಿ, ಯು ವೋಂಟ್ ಪಾಸ್'. ನಾಲಿಗೆ ತಡವರಿಸಿದರೆ 'ಇಫ್ ಯು ಡೋಂಟ್ ಸ್ಟಡಿ' ಎಂದೇ ಹೇಳಿ, ಏನೂ ಕಡಿಮೆಯಾಗದು. ಹಾಗೇ ವೋಂಟ್ ಮತ್ತು ವಾಂಟ್ ಬೇರೆ ಮಾಡಿ ಉಚ್ಚರಿಸಿ. ಬರಲ್ಲ ಎಂದದ್ದು ಬರಬೇಕು ಎಂದು ಕೇಳಿಸಬಾರದು.

ಹೆಜ್ಜೆ 6: ಆಸೆ, ಹಾರೈಕೆ, ಪಶ್ಚಾತ್ತಾಪ

ಕನ್ನಡ ಇಲ್ಲಿ ಬಹಳ ಶ್ರೀಮಂತ. ಒಳ್ಳೆಯದಾಗಲಿ, ಇದ್ದಿದ್ದರೆ ಚೆನ್ನಾಗಿತ್ತು, ಹೇಳಬಾರದಿತ್ತು, ನಿಲ್ಲಬಾರದಾ, ಆಗುತ್ತೆ ಅಂದ್ಕೊಂಡಿದ್ದೀನಿ. ಇಷ್ಟಕ್ಕೂ ಒಂದೇ ವಿಶ್ ಬಳಸಲು ಹೋದಾಗ ತೊಂದರೆ.

ವಿಧ್ಯರ್ಥಕದ '-ಲಿ' ಇದ್ದರೆ ಅದು ಹಾರೈಕೆ. ಆಗ ವಿಶ್ ಮುಂದೆ ಯಾರಿಗೆ ಎಂಬುದು, ಆಮೇಲೆ ನಾಮಪದ ಬರಬೇಕು: 'ಐ ವಿಶ್ ಯು ಎ ಹ್ಯಾಪಿ ಮ್ಯಾರೀಡ್ ಲೈಫ್'. 'ಐ ವಿಶ್ ಯು ವಿಲ್ ಗೆಟ್ ವೆಲ್ ಸೂನ್' ತಪ್ಪು. ಆಗಬಹುದಾದ ಸಂಗತಿಯನ್ನು ವಾಕ್ಯವಾಗಿ ಹೇಳುವಾಗ ವಿಶ್ ಅಲ್ಲ, ಹೋಪ್: 'ಐ ಹೋಪ್ ಯು ಗೆಟ್ ವೆಲ್ ಸೂನ್'. ದೇವರ ಹೆಸರಲ್ಲಿ ಹರಸುವುದಾದರೆ ಮೇ: 'ಮೇ ಗಾಡ್ ಬ್ಲೆಸ್ ಯು'.

ಇಲ್ಲದ್ದನ್ನು ಬಯಸುವಾಗ ವಿಶ್ ಜೊತೆ ವಾಕ್ಯ ಬರುತ್ತದೆ. ಅಂಥ ವಾಕ್ಯ ಕಟ್ಟಲು ಒಂದು ಖಚಿತ ವಿಧಾನವಿದೆ. ಪ್ರತಿ ವಿಶ್ ಹಿಂದೆ ಒಂದು ನಿಜ ಸಂಗತಿ ಇರುತ್ತದೆ. ಮೊದಲು ಅದನ್ನು ಬರೆಯಿರಿ: 'ಐ ಡೋಂಟ್ ನೋ ಹರ್ ನಂಬರ್'. ಇಲ್ಲ ಎಂಬುದನ್ನು ಹೌದು ಮಾಡಿ, ಹೌದು ಎಂಬುದನ್ನು ಇಲ್ಲ ಮಾಡಿ. ಕ್ರಿಯಾಪದವನ್ನು ಒಂದು ಮೆಟ್ಟಿಲು ಹಿಂದಕ್ಕೆ ತನ್ನಿ: 'ಐ ವಿಶ್ ಐ ನ್ಯೂ ಹರ್ ನಂಬರ್'. ನಿಜ ಸಂಗತಿ ಈಗಾಗಲೇ ಭೂತಕಾಲದ್ದಾದರೆ ಅದು ಹ್ಯಾಡ್‌ಗೆ ಇಳಿಯುತ್ತದೆ. 'ಐ ಸೆಡ್ ದಟ್' ಎಂಬುದು ನಿಜ. 'ಹಾಗೆ ಹೇಳಬಾರದಿತ್ತು' ಎಂಬ ನೋವಿಗೆ 'ಐ ವಿಶ್ ಐ ಹ್ಯಾಡ್ ನಾಟ್ ಸೆಡ್ ದಟ್'. 'ಐ ಶುಡ್ ನಾಟ್ ಹ್ಯಾವ್ ಸೆಡ್ ದಟ್' ಎಂದರೂ ಆದೀತು. ಅದರಲ್ಲಿ ತಪ್ಪೊಪ್ಪಿಗೆ ಹೆಚ್ಚು, ಕೊರಗು ಕಡಿಮೆ. 'ಅಪ್ಪ ಇವತ್ತು ಇದ್ದಿದ್ದರೆ' ಎಂದು ಮಗಳ ಮದುವೆ ಮನೆಯಲ್ಲಿ ತಾಯಿ ಅರ್ಧಕ್ಕೇ ನಿಲ್ಲಿಸುತ್ತಾಳಲ್ಲ, ಆ ಅರ್ಧ ವಾಕ್ಯಕ್ಕೆ ಇಂಗ್ಲಿಷ್‌ನಲ್ಲಿ 'ಇಫ್ ಓನ್ಲಿ' ಇದೆ: 'ಇಫ್ ಓನ್ಲಿ ಹಿ ವರ್ ಹಿಯರ್ ಟುಡೇ'. ಅದಕ್ಕೂ ಫಲದ ಅರ್ಧ ಬೇಕಿಲ್ಲ.

'ಈ ಮಳೆ ನಿಲ್ಲಬಾರದಾ', 'ಅವನು ಸ್ವಲ್ಪ ಮೆತ್ತಗೆ ಮಾತಾಡಬಾರದಾ' ಎಂಬ ಬೇಸರಕ್ಕೆ ವಿಶ್ ಜೊತೆ ವುಡ್: 'ಐ ವಿಶ್ ದ ರೇನ್ ವುಡ್ ಸ್ಟಾಪ್', 'ಐ ವಿಶ್ ಹಿ ವುಡ್ ಸ್ಪೀಕ್ ಸಾಫ್ಟ್‌ಲಿ'. ಇದು ನಮ್ಮ ಕೈಮೀರಿದ್ದಕ್ಕೆ ಮಾತ್ರ. ನಮ್ಮ ಬಗ್ಗೆಯೇ ಹೇಳುವಾಗ 'ಐ ವಿಶ್ ಐ ವುಡ್' ಹೊಂದದು, 'ಐ ವಿಶ್ ಐ ಕುಡ್' ಎನ್ನಬೇಕು. 'ನನಗೂ ಈಜು ಬರೋ ಹಾಗಿದ್ದಿದ್ದರೆ' ಎಂದರೆ 'ಐ ವಿಶ್ ಐ ಕುಡ್ ಸ್ವಿಮ್'.

ಆಫೀಸಿನ ಮೇಲ್‌ನಲ್ಲಿ

'ಸಾಧ್ಯವಾದರೆ ಇದನ್ನು ಸ್ವಲ್ಪ ನೋಡಿ' ಎಂಬ ವಿನಯಕ್ಕೆ 'ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಲುಕ್ ಅಟ್ ದಿಸ್'. ಇಲ್ಲಿ ಭೂತರೂಪ ಬಂದಿರುವುದು ಮರ್ಯಾದೆಗೆ, ನಾವು 'ನೋಡು' ಎಂಬುದನ್ನು 'ನೋಡಿ' ಮಾಡುವ ಹಾಗೆ. 'ಶುಡ್ ಯು ನೀಡ್ ಎನಿ ಹೆಲ್ಪ್' ಎಂದರೆ ಇಫ್ ಬಿಟ್ಟು ಶುಡ್ ಮುಂದಿಟ್ಟ ಔಪಚಾರಿಕ ರೂಪ. 'ಹ್ಯಾಡ್ ಐ ನೋನ್' ಕೂಡ ಹಾಗೆಯೇ. ಐಇಎಲ್‌ಟಿಎಸ್ (ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ಬರೆಯುವವರು ಇವನ್ನು ಒಂದೆರಡು ಕಡೆ ಸರಿಯಾಗಿ ಬಳಸಿದರೆ ಲಾಭವಿದೆ, ಬರವಣಿಗೆಯ ನಾಲ್ಕು ಮಾನದಂಡಗಳಲ್ಲಿ ವ್ಯಾಕರಣದ ವೈವಿಧ್ಯ ಮತ್ತು ನಿಖರತೆ ಒಂದು, ಅದಕ್ಕೆ ಕಾಲು ಭಾಗದ ತೂಕ. ತಪ್ಪಾಗಿ ಹತ್ತು ಕಡೆ ಹಾಕುವುದರಿಂದ ನಷ್ಟವೇ.

ಕಿವಿಗೂ ತರಬೇತಿ ಬೇಕು. ವೇಗದ ಮಾತಿನಲ್ಲಿ 'ಐ ವುಡ್' ಮತ್ತು 'ಐ ಹ್ಯಾಡ್' ಎರಡೂ 'ಐಡ್' ಎಂದೇ ಕೇಳಿಸುತ್ತವೆ. ಮುಂದೆ ಮೂರನೇ ರೂಪ ಬಂದರೆ ಅದು ಹ್ಯಾಡ್, ಮೂಲರೂಪ ಬಂದರೆ ವುಡ್. 'ವುಡ್ ಹ್ಯಾವ್' ಎಂಬುದು 'ವುಡವ್' ಆಗುತ್ತದೆ. ಹಾಗೆ ಕೇಳಿಸಿತೆಂದು 'ವುಡ್ ಆಫ್' ಎಂದು ಬರೆಯಬೇಡಿ.

ದಿನಕ್ಕೆ 15 ನಿಮಿಷ

ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಆ ದಿನ ನೀವೇ ಕನ್ನಡದಲ್ಲಿ ಆಡಿದ ಅಥವಾ ಮನೆಯಲ್ಲಿ ಕೇಳಿದ ಐದು '-ಅರೆ', '-ಬೇಕಿತ್ತು', '-ಬಾರದಿತ್ತು' ವಾಕ್ಯ. ಎರಡನೆಯದರಲ್ಲಿ 'ಆಗಬಹುದು', 'ಆಗದು ಈಗ', 'ಆಗದು ಆಗ' ಇವುಗಳಲ್ಲಿ ಒಂದು. ಮೂರನೆಯದರಲ್ಲಿ ಇಂಗ್ಲಿಷ್. ಎರಡನೇ ಕಾಲಂ ಬಿಟ್ಟು ನೇರ ಮೂರನೆಯದಕ್ಕೆ ಹಾರಬೇಡಿ, ತಪ್ಪು ನುಸುಳುವುದು ಆ ಹಾರಿಕೆಯಲ್ಲೇ. ಬರೆದದ್ದನ್ನು ಮೂರು ಸಲ ಜೋರಾಗಿ ಓದಿ. ಮೊದಲ ವಾರ ಆಗಬಹುದಾದ ಮಾತು ಮಾತ್ರ, ಎರಡನೇ ವಾರ ಈಗಿನದು, ಮೂರನೇ ವಾರ ಆಗಿನದು, ನಾಲ್ಕನೇ ವಾರ ವಿಶ್.

ಶುರು ಮಾಡಲು ನಾಲ್ಕು ವಾಕ್ಯ, ಉತ್ತರ ಮುಚ್ಚಿಟ್ಟು ಪ್ರಯತ್ನಿಸಿ.

'ಹೇಳಿದ್ದಿದ್ದರೆ ನಾನೇ ಬರ್ತಿದ್ದೆ.' ಆಗದು, ಆಗ. 'ಇಫ್ ಯು ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್ ಮೈಸೆಲ್ಫ್.'

'ನಮ್ಮೂರಲ್ಲಿ ಕಾಲೇಜ್ ಇದ್ದಿದ್ದರೆ ಮಕ್ಕಳು ಇಷ್ಟು ದೂರ ಹೋಗ್ತಿರಲಿಲ್ಲ.' ಈಗಲೂ ಹೋಗುತ್ತಿದ್ದಾರೆ, ಆದ್ದರಿಂದ ಈಗ. 'ಇಫ್ ದೇರ್ ವರ್ ಎ ಕಾಲೇಜ್ ಇನ್ ಅವರ್ ವಿಲೇಜ್, ದ ಚಿಲ್ಡ್ರನ್ ವುಡ್ ನಾಟ್ ಗೋ ಸೋ ಫಾರ್.'

'ಇನ್ನೊಂದು ಮಾರ್ಕ್ಸ್ ಬಂದಿದ್ದರೆ ಚೆನ್ನಾಗಿತ್ತು.' 'ಐ ವಿಶ್ ಐ ಹ್ಯಾಡ್ ಗಾಟ್ ಒನ್ ಮೋರ್ ಮಾರ್ಕ್.'

'ಅವನು ಬರ್ತಾನೋ ಇಲ್ವೋ ಗೊತ್ತಿಲ್ಲ, ಬಂದರೆ ಹೇಳ್ತೀನಿ.' ಇಲ್ಲಿ ಎರಡು ಇಫ್ ಇವೆ: 'ಐ ಡೋಂಟ್ ನೋ ಇಫ್ ಹಿ ವಿಲ್ ಕಮ್. ಇಫ್ ಹಿ ಕಮ್ಸ್, ಐ ವಿಲ್ ಟೆಲ್ ಯು.' ಮೊದಲನೆಯದು 'ಬರ್ತಾನೋ ಇಲ್ವೋ' ಎಂಬ ಓಕಾರದ ಇಫ್. ಅಲ್ಲಿ ಷರತ್ತಿಲ್ಲ, ಹಾಗಾಗಿ ವಿಲ್ ಸರಿ. ಎರಡನೆಯದು '-ಅರೆ' ಇಫ್, ಅಲ್ಲಿ ವಿಲ್ ಇಲ್ಲ.